‘ಪರವಾಗಿಲ್ಲ’ ಎಂಬ ಮಾತನ್ನು ನಂಬಿ ಬರೆದುಕೊಂಡು ಹೋದವರಿಗೆ

ಹಿರಿಯರ ಆರೈಕೆಯ ದರ್ಜೆ ನಿರ್ಧರಿಸುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಏಪ್ರಿಲ್ ಒಂಬತ್ತರಂದು ನಿಮ್ಮ ಕಚೇರಿಯ ಪರಿಶೀಲಕಿ ನಮ್ಮ ಮನೆಗೆ ಬರುವ ಒಂದು ಗಂಟೆ ಮೊದಲು ಅಜ್ಜಿಗೆ ಒಂದರ ಬದಲು ಎರಡು ನೋವಿನ ಮಾತ್ರೆ ಕೊಟ್ಟವನು ನಾನು. ಏಳು ವಾರಗಳಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಕೇಳಿದರು, ಕೊಟ್ಟೆ. ಆ ಎರಡು ಮಾತ್ರೆಗಳ ಬಲದಲ್ಲಿ ಅವರು ಎದ್ದರು, ನಡೆದರು, ಹಣ್ಣು ಹೆಚ್ಚಿದರು, ನಕ್ಕರು. ನಿಮ್ಮ ಪರಿಶೀಲಕಿ ಅದಷ್ಟನ್ನೂ ಬರೆದುಕೊಂಡರು. ನಿಮ್ಮ ಕಚೇರಿ ಅದನ್ನು ಓದಿ ‘ದರ್ಜೆಗೆ ಅರ್ಹರಲ್ಲ, ಮನೆಗೆ ಸಹಾಯಕಿಯ ಅಗತ್ಯ ಕಂಡುಬಂದಿಲ್ಲ’ ಎಂದು ಮುದ್ರೆ ಒತ್ತಿತು. ಈ ತಪ್ಪಿನಲ್ಲಿ ನನ್ನದೊಂದು ಪಾಲಿದೆ, ಅದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೇನೆ. ಉಳಿದ ಪಾಲು ಯಾರದೆಂದು ಕೇಳಲು ಈ ಪತ್ರ. ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೀಯ ಎಂದು ನೀವು ಕೇಳಬಹುದು. ಕಚೇರಿಗೇ ಎರಡು ಸಲ ಬರೆದೆ. ಎರಡು ಸಲವೂ ‘ತಮ್ಮ ಪತ್ರ ತಲುಪಿದೆ’ ಎಂಬ ಸಂತೋಷದ ಸುದ್ದಿಯನ್ನು ತಾವು ತಿಳಿಸಿದಿರಿ.

ಅಜ್ಜಿಯ ಹೆಸರು ಮೊ ಗ್ವಿರ್ಯೆ. ವಯಸ್ಸು ಎಪ್ಪತ್ತೆಂಟು. ಐವತ್ತೈದು ವರ್ಷ ಬೆಳ್ಳುಳ್ಳಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡಿದವರು. ನಮ್ಮ ದಕ್ಷಿಣದ ಕರಾವಳಿಯ ಹೆಂಗಸರು ಹೊಲಕ್ಕೆ ಹೋಗುವಾಗ ಹಿಂಭಾಗಕ್ಕೆ ಕಟ್ಟಿಕೊಳ್ಳುವ ದುಂಡನೆಯ ಸ್ಪಂಜಿನ ಮಣೆಯನ್ನು ತಾವೂ ನೋಡಿರುತ್ತೀರಿ; ಅದನ್ನು ಕಟ್ಟಿಕೊಂಡ ಅಜ್ಜಿಯರ ಸಾಲು ದೂರದಿಂದ ನಡೆದಾಡುವ ಅಣಬೆಗಳಂತೆ ಕಾಣುತ್ತದೆಂದು ಪಟ್ಟಣದವರು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಮಣೆ ಬರುವುದಕ್ಕೆ ಮೊದಲು ಅಜ್ಜಿ ಮೂವತ್ತು ವರ್ಷ ಬರೀ ಕಾಲಿನ ಮೇಲೆಯೇ ಕುಕ್ಕರಿಸಿದ್ದರು. ಮೊಣಕಾಲು ಸವೆಯದೆ ಇನ್ನೇನಾದೀತು? ಫೆಬ್ರುವರಿಯಲ್ಲಿ ನಗರದ ಆಸ್ಪತ್ರೆಯಲ್ಲಿ ಬಲಮೊಣಕಾಲನ್ನು ಬದಲಿಸಿ ಲೋಹದ ಕೀಲು ಕೂರಿಸಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಆ ಬಗ್ಗೆ ನನ್ನ ದೂರಿಲ್ಲ. ಪ್ರತಿ ಭೇಟಿಯಲ್ಲೂ ವೈದ್ಯರು ಒಂದು ಪ್ಲಾಸ್ಟಿಕ್ ಕೋನಮಾಪಕ ಇಟ್ಟು ಕಾಲು ಮಡಚಿಸಿ ನೋಡುತ್ತಾರೆ. ಕಳೆದ ಸಲ ನೂರ ಇಪ್ಪತ್ತು ಡಿಗ್ರಿ ಬಂತು. “ತುಂಬಾ ಚೆನ್ನಾಗಿದೆ ಅಜ್ಜಿ, ನಿಮ್ಮ ವಯಸ್ಸಿಗೆ ಇದು ಪದಕ ಕೊಡೋ ಹಾಗಿದೆ,” ಎಂದರು. ಹೌದು, ಮೊಣಕಾಲು ಚೆನ್ನಾಗಿದೆ. ಯಾರೂ ಅಳೆಯದೆ ಬಿಟ್ಟದ್ದು ಮೊಣಕಾಲಿನ ಮೇಲಿರುವ ಅಜ್ಜಿಯನ್ನು.

ಅವರಿಗೆ ಸುಸ್ತು. ಈ ಪದ ಎಷ್ಟು ಸಣ್ಣದೆಂದು ನನಗೂ ಗೊತ್ತು. ಬಸ್ಸಿನಲ್ಲಿ ನಿಂತು ಬಂದವನಿಗೂ ಸುಸ್ತು, ಮದುವೆ ಊಟ ಮಾಡಿದವನಿಗೂ ಸುಸ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ಅಜ್ಜಿ ತಿಂಡಿ ತಿಂದು ಮಲಗಿದರೆ ಮಧ್ಯಾಹ್ನ ಏಳುತ್ತಿದ್ದರು, ಉಂಡು ಮಲಗಿದರೆ ಸಂಜೆ. ಜೀವಮಾನವಿಡೀ ನಾಲ್ಕೂವರೆಗೆ ಎದ್ದವರು. ನಾನು ಅದನ್ನು ಸೋಮಾರಿತನ ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಏಕೆಂದರೆ ತಾವು ಇಂದಿಗೂ ಅಲ್ಲೇ ನಿಂತಿದ್ದೀರಿ.

“ಅಜ್ಜಿ, ಏಳು. ದಿನಾ ನಡೀಬೇಕು ಅಂತ ಡಾಕ್ಟರು ಹೇಳಿದಾರೆ. ನಿನ್ನ ಹೊಸಾ ಮಂಡಿಗೆ ತುಕ್ಕು ಹಿಡಿಯತ್ತೆ,” ಎಂದೆ.

“ಮಂಡಿ ತಯಾರಾಗಿದೆ ಕಣೋ. ಅದನ್ನ ಎತ್ಕೊಂಡು ಹೋಗೋಳು ತಯಾರಾಗಿಲ್ಲ.”

“ಎಲ್ಲಿ ನೋವು? ಹೇಳು, ತಿಕ್ಕತೀನಿ.”

“ನೋವಿಗಾದ್ರೆ ಒಂದು ಜಾಗ ಇರತ್ತೆ, ಇಲ್ಲಿ ಅಂತ ಬೆರಳಿಟ್ಟು ತೋರಿಸಬೋದು. ಇದಕ್ಕೆ ಜಾಗ ಇಲ್ಲ ಮಗಾ. ಬಿಂದಿಗೆ ತಳದಲ್ಲಿ ಎಲ್ಲೋ ಸಣ್ಣ ತೂತಿದೆ, ತುಂಬಿಸಿದಷ್ಟೂ ಸೋರತ್ತೆ. ಎಲ್ಲಿ ಅಂತ ನನಗೇ ಕಾಣ್ತಿಲ್ಲ, ನಿನಗೆ ಹ್ಯಾಗೆ ತೋರಿಸಲಿ?”

ಮುಂದಿನ ಭೇಟಿಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರು ವಿವರಿಸಿದರು. ಕೊಯ್ದ ಮೂಳೆ, ಕಳೆದುಹೋದ ರಕ್ತ, ಕಾಲಿನ ಬಾವು, ಸರಿಯಿಲ್ಲದ ನಿದ್ದೆ, ಮಾತ್ರೆಗಳು, ಇವೆಲ್ಲದರಿಂದ ಸುಧಾರಿಸಿಕೊಳ್ಳಲು ಮೈ ಒಳಗೊಳಗೇ ದುಡಿಯುತ್ತಿರುತ್ತದೆ, ಹೊರಗಿನ ದುಡಿಮೆಗೆ ಏನೂ ಉಳಿಯುವುದಿಲ್ಲ ಎಂದರು. ಕೆಲವರಿಗೆ ಆರು ವಾರ, ಕೆಲವರಿಗೆ ಆರು ತಿಂಗಳು. ಆಮೇಲೆ ನಾವು ಅಜ್ಜಿ ಮೊಮ್ಮಗ ಕೂತು ಒಂದು ಒಪ್ಪಂದಕ್ಕೆ ಬಂದೆವು: ದಿನಕ್ಕೆ ಎರಡೇ ಕೆಲಸ. ತಲೆಗೆ ನೀರು ಹಾಕಿಕೊಳ್ಳುವುದು ಒಂದು ಕೆಲಸ. ಕಾಲಿನ ವ್ಯಾಯಾಮ ಒಂದು ಕೆಲಸ. ಮೀನಿನ ಹಡಗಿನಲ್ಲಿರುವ ಅಪ್ಪ ತಿಂಗಳಿಗೊಮ್ಮೆ ಫೋನ್ ಮಾಡಿದಾಗ ಅಳದೆ ಮಾತಾಡುವುದು, ಅದೂ ಒಂದು ಪೂರ್ತಿ ಕೆಲಸ. ವ್ಯಾಯಾಮವೂ ಅಪ್ಪನ ಫೋನೂ ಆದ ದಿನ ಸ್ನಾನವಿಲ್ಲ. ಅನ್ನದ ಕುಕ್ಕರನ್ನು ಬಗ್ಗದೆ ಸಿಗುವ ಎತ್ತರಕ್ಕೆ ತಂದಿಟ್ಟೆ, ಅಡುಗೆಮನೆಯಲ್ಲಿ ಒಂದು, ಬಚ್ಚಲಲ್ಲಿ ಒಂದು, ಹೊಸ್ತಿಲ ಬಳಿ ಒಂದು ಕುರ್ಚಿ ಹಾಕಿದೆ. ಹೀಗೆ ಮಾಡಿದ ಮೇಲೆ ಅಜ್ಜಿ ಸ್ವಲ್ಪ ಚೇತರಿಸಿಕೊಂಡರು. ವಾರಕ್ಕೊಮ್ಮೆ ಊರ ಸಭಾಮನೆಗೆ ಇಸ್ಪೀಟಿಗೂ ಹೋಗತೊಡಗಿದರು. ಆಟದ ಮಧ್ಯೆ ಎಲೆ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದರು. ಪಕ್ಕದ ಮನೆಯ ಗೋಸಂಗ್ ಅಜ್ಜಿ (ಗೋಸಂಗ್ ಎಂಬ ಊರಿನಿಂದ ಮದುವೆಯಾಗಿ ಬಂದವರು, ಎಂಬತ್ತೊಂದರಲ್ಲೂ ಅವರಿಗೆ ಅದೇ ಹೆಸರು) ಎಲ್ಲರಿಗೂ ಸನ್ನೆ ಮಾಡಿ ಹೇಳುತ್ತಿದ್ದರು, “ಎಬ್ಬಿಸಬೇಡಿ. ಕೆಟ್ಟ ಎಲೆ ಬಂದಾಗ ಮಾತ್ರ ನಿದ್ದೆ ಬರತ್ತೆ ಇವಳಿಗೆ. ಒಳ್ಳೇ ಎಲೆ ಬರಲಿ, ಕಣ್ಣು ಹ್ಯಾಗೆ ಅರಳತ್ತೆ ನೋಡಿ.”

ಈ ಎಲ್ಲವೂ ನಡೆಯುತ್ತಿದ್ದುದು ನಾನು ಮನೆಯಲ್ಲಿದ್ದೆ ಎಂಬ ಒಂದೇ ಕಾರಣಕ್ಕೆ. ನನಗೆ ಇಪ್ಪತ್ತು ವರ್ಷ. ಕಡ್ಡಾಯ ಸೈನ್ಯಸೇವೆಯ ಕರೆ ಯಾವಾಗ ಬೇಕಾದರೂ ಬರಬಹುದಿತ್ತು. ಅದಕ್ಕೇ ತಮ್ಮ ಕಚೇರಿಗೆ ಅರ್ಜಿ ಹಾಕಿದೆವು. ಅಜ್ಜಿಗೆ ಒಂದು ದರ್ಜೆ ಸಿಕ್ಕರೆ ದಿನಕ್ಕೆ ಮೂರು ಗಂಟೆ ಒಬ್ಬ ಸಹಾಯಕಿ ಬರುತ್ತಾರೆ. ಅಷ್ಟು ಸಾಕು ಎಂದುಕೊಂಡೆವು.

ಈಗ ಏಪ್ರಿಲ್ ಒಂಬತ್ತಕ್ಕೆ ಬರುತ್ತೇನೆ. ತಮ್ಮ ಪರಿಶೀಲಕಿ ಬೆಳಿಗ್ಗೆ ಹತ್ತಕ್ಕೆ ಬರುವುದಾಗಿ ಮೂರು ದಿನ ಮೊದಲೇ ಫೋನ್ ಮಾಡಿದ್ದರು. ಅಲ್ಲಿಂದಲೇ ತಪ್ಪು ಶುರುವಾಯಿತು. ‘ಮನೆಗೆ ಒಬ್ಬರು ಬರುತ್ತಾರೆ’ ಎಂಬ ಮಾತನ್ನು ನಮ್ಮ ಅಜ್ಜಿಯಂಥವರು ಹೇಗೆ ಕೇಳಿಸಿಕೊಳ್ಳುತ್ತಾರೆಂದು ತಮ್ಮ ಕಚೇರಿಯಲ್ಲಿ ಒಬ್ಬರಿಗೂ ತಿಳಿದಿಲ್ಲವೇ? ತಮಗೂ ಒಬ್ಬ ಅಜ್ಜಿ ಇದ್ದಿರಬೇಕಲ್ಲ? ಎರಡು ದಿನ ಅಜ್ಜಿ ಯಾವ ಕೆಲಸವನ್ನೂ ಮಾಡಲಿಲ್ಲ, ವ್ಯಾಯಾಮವನ್ನೂ. ಕೇಳಿದರೆ, “ಕೂಡಿಡ್ತಿದೀನಿ, ಮಾತಾಡಿಸಬೇಡ,” ಎಂದರು. ಆ ದಿನ ಬೆಳಿಗ್ಗೆ ತಲೆ ಬಾಚಿ, ಮದುವೆಗಳಿಗೆ ತೊಡುವ ನೇರಳೆ ಬಣ್ಣದ ಮೇಲಂಗಿ ಹಾಕಿಕೊಂಡು, ಹಾಸಿಗೆಯನ್ನು ಮಡಿಸಿ ಬೀರುವಿನೊಳಗೆ ಇಡಿಸಿದರು.

“ಹಾಸಿಗೆ ಇರಲಿ ಅಜ್ಜಿ. ನೀನು ಹ್ಯಾಗಿದೀಯ ಅಂತ ನೋಡೋಕೇ ಅವರು ಬರ್ತಿರೋದು,” ಎಂದೆ.

“ನೋಡಲಿ. ಬಿದ್ಕೊಂಡಿರೋದನ್ನ ನೋಡೋಕೆ ಅಷ್ಟು ದೂರದಿಂದ ಬರಬೇಕಾ? ಹೊರಗಿನೋರ ಮುಂದೆ ನನ್ನನ್ನ ಮಲಗಿಸಿ ತೋರಿಸಿದೆ ಅಂದ್ರೆ, ಇವತ್ತಿಂದ ನೀನೇ ಬೇರೆ ಮನೆ ನೋಡ್ಕೋ. ಮಾತ್ರೆ ಕೊಡು. ಒಂದಲ್ಲ, ಎರಡು.”

ಪರಿಶೀಲಕಿ ಒಳ್ಳೆಯವರು. ಅದನ್ನು ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಚಪ್ಪಲಿ ಬಿಟ್ಟು, ಬಾಗಿ ವಂದಿಸಿ ಒಳಗೆ ಬಂದರು, ತಮ್ಮ ತಾಯಿಗೂ ಮಂಡಿ ನೋವೆಂದು ಹೇಳಿದರು. ಅಜ್ಜಿ ಒಂದು ಮರಸೇಬು ತೆಗೆದುಕೊಂಡು, ಸಿಪ್ಪೆ ಎಲ್ಲೂ ತುಂಡಾಗದಂತೆ ಒಂದೇ ಎಳೆಯಲ್ಲಿ ಸುಲಿದು, ತಟ್ಟೆಯಲ್ಲಿ ಹೂವಿನಂತೆ ಜೋಡಿಸಿ ಮುಂದಿಟ್ಟರು. ಪ್ರಶ್ನೆಗಳು ಶುರುವಾದವು.

“ಅಜ್ಜಿ, ಕೂತಲ್ಲಿಂದ ಒಬ್ಬರೇ ಏಳೋಕಾಗುತ್ತಾ?”

“ಪರವಾಗಿಲ್ಲಮ್ಮ.” ಎದ್ದು ತೋರಿಸಿದರು.

“ಬಟ್ಟೆ ಹಾಕ್ಕೊಳ್ಳೋದು, ಸ್ನಾನ?”

“ಪರವಾಗಿಲ್ಲ. ನಿಧಾನಕ್ಕೆ ಆಗತ್ತೆ. ಹಣ್ಣು ತಗೋಮ್ಮ, ಬಿಸಿಲಲ್ಲಿ ಬಂದಿದೀಯ.”

“ಬಚ್ಚಲಿಗೆ ಹೋಗೋದಕ್ಕೆ ಯಾರಾದ್ರೂ ಬೇಕಾ?”

“ಅಯ್ಯೋ, ಇದೇನು ಕೇಳ್ತೀಯಮ್ಮ, ಗಂಡುಹುಡುಗನ ಮುಂದೆ. ಪರವಾಗಿಲ್ಲ, ಪರವಾಗಿಲ್ಲ.”

ಹನ್ನೊಂದು ಸಲ. ನಾನು ಎಣಿಸಿದೆ. ನಮ್ಮ ಊರಿನಲ್ಲಿ ‘ಪರವಾಗಿಲ್ಲ’ ಎಂಬುದು ಉತ್ತರವೇ ಅಲ್ಲ, ಮಾನ್ಯರೇ. ಕೈಗೆ ಕುಡುಗೋಲು ಹೊಕ್ಕವರೂ ಪರವಾಗಿಲ್ಲ ಅನ್ನುತ್ತಾರೆ. ತಾತ ತೀರಿಕೊಂಡ ದಿನ ಬಂದವರೆಲ್ಲ ಹೇಗಿದ್ದೀರಿ ಎಂದು ಕೇಳಿದಾಗ ಅಜ್ಜಿ ಪರವಾಗಿಲ್ಲ ಎಂದೇ ಹೇಳಿದ್ದರು. ಅದರ ಅರ್ಥ ‘ನನ್ನಿಂದ ನಿಮಗೆ ತೊಂದರೆ ಬೇಡ’ ಎಂದು. ಈ ಅರ್ಥ ಮೂರು ವರ್ಷದ ಮಗುವಿಗೂ ತಿಳಿದಿರುವ ನೆಲದಲ್ಲಿ, ಮುದುಕರನ್ನು ಪರೀಕ್ಷಿಸುವುದೇ ಕಸುಬಾಗಿರುವ ಕಚೇರಿಯೊಂದು ಅದನ್ನು ಅಕ್ಷರಶಃ ನಂಬುತ್ತದೆಂದರೆ, ಅದನ್ನು ಮುಗ್ಧತೆ ಎನ್ನಬೇಕೋ, ಅನುಕೂಲ ಎನ್ನಬೇಕೋ?

ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಹೊರಡುವಾಗ ಪರಿಶೀಲಕಿ ನನ್ನ ಕಡೆ ತಿರುಗಿ, “ಅಜ್ಜಿ ದಿನಾ ಹೀಗೇ ಇರ್ತಾರಾ?” ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಜ್ಜಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಪರಿಶೀಲಕಿ ಅದಕ್ಕೂ ಒಂದು ಗುರುತು ಹಾಕಿಕೊಂಡರು. ಅಜ್ಜಿ ಗೇಟಿನವರೆಗೂ ನಡೆದು ಹೋಗಿ, ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿದರು. ಕಾರು ಮರೆಯಾದ ಮೇಲೆ ಗೇಟಿನ ಕಂಬಿ ಹಿಡಿದುಕೊಂಡು, “ಕುರ್ಚಿ ತಾ,” ಎಂದರು. ತರುವಷ್ಟರಲ್ಲಿ ನೆಲದ ಮೇಲೆ ಕೂತಿದ್ದರು. ಹೊಸ ಮೊಣಕಾಲಿನವರು ನೆಲದಿಂದ ಏಳುವುದು ಎಷ್ಟು ಕಷ್ಟವೆಂದು ತಮಗೆ ಗೊತ್ತಿರಬೇಕು. ಗೋಸಂಗ್ ಅಜ್ಜಿಯನ್ನು ಕೂಗಿ ಕರೆದು ಇಬ್ಬರೂ ಸೇರಿ ಎತ್ತಿದೆವು. ಆ ದಿನ ಮಧ್ಯಾಹ್ನ ಮಲಗಿದವರು ಮಾರನೆಯ ಬೆಳಿಗ್ಗೆ ಎದ್ದರು. ಮಧ್ಯೆ ಏನಾಯಿತೆಂಬುದರಲ್ಲಿ ಒಂದು ಸಂಗತಿಯನ್ನು ಬರೆಯಕೂಡದೆಂದು ಅಜ್ಜಿ ಕೇಳಿಕೊಂಡಿದ್ದಾರೆ. ಬರೆಯುವುದಿಲ್ಲ. ಅದು ತಮ್ಮ ನಮೂನೆಯ ಹದಿನಾರನೆಯ ಪ್ರಶ್ನೆಯ, ಗಂಡುಹುಡುಗನ ಮುಂದೆ ಕೇಳಬಾರದೆಂದು ಅಜ್ಜಿ ಅಂದ ಪ್ರಶ್ನೆಯ ಉತ್ತರ. ತಾವೇ ತೆರೆದು ನೋಡಿಕೊಳ್ಳಿ.

ನಾನು ಏಕೆ ಸುಮ್ಮನಿದ್ದೆ? ಇದನ್ನು ನನಗೆ ನಾನೇ ಅನೇಕ ಸಲ ಕೇಳಿಕೊಂಡಿದ್ದೇನೆ. ನಾನು ಶಾಲೆ ಬಿಟ್ಟವನು. ಪ್ರೌಢಶಾಲೆಯ ಎರಡನೆಯ ವರ್ಷದಲ್ಲಿ ನಮ್ಮ ತರಗತಿಯ ಒಬ್ಬ ಹುಡುಗನನ್ನು ನಾಲ್ವರು ಸೇರಿ ಹೊಡೆದರು. ಅದು ಆಟವಾಗಿತ್ತೆಂದು ನೋಡಿದವರೆಲ್ಲ ಬರೆದುಕೊಡಬೇಕೆಂದು ಶಿಕ್ಷಕರು ಹೇಳಿದರು. ಎಲ್ಲರೂ ಬರೆದುಕೊಟ್ಟರು. ನಾನು ಬರೆಯಲಿಲ್ಲ, ಆಮೇಲೆ ಆ ಶಾಲೆಯಲ್ಲಿ ಕೂರಲೂ ಆಗಲಿಲ್ಲ. ಅಂದಿನಿಂದ ಒಂದು ಕಡೆ ನಿಂತವನಲ್ಲ; ಸಿಂಪಿ ಚಿಪ್ಪು ಸಾಕುವ ತೊಟ್ಟಿ, ಟೈರಿನ ಅಂಗಡಿ, ಈರುಳ್ಳಿ ಮಂಡಿ, ಎಲ್ಲ ಕಡೆಯೂ ಯಾರಿಗೋ ಮುಖಕ್ಕೆ ಹೊಡೆದಂತೆ ಸತ್ಯ ಹೇಳಿ ಹೊರಬಿದ್ದವನು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಪರರ ಮುಂದೆ ಸತ್ಯ ಹೇಳುವುದು ಸುಲಭ ಎಂದು ಏಪ್ರಿಲ್ ಒಂಬತ್ತರಂದು ತಿಳಿಯಿತು. ಎತ್ತಿ ಬೆಳೆಸಿದವರ ಮಾನವನ್ನು ಅವರ ಕಣ್ಣೆದುರೇ ಬಿಚ್ಚಿಡುವ ಸತ್ಯ ಬೇರೆ ಜಾತಿಯದು. ಅಂಥ ಸತ್ಯವನ್ನು ಇಪ್ಪತ್ತೈದು ನಿಮಿಷದಲ್ಲಿ, ಅಜ್ಜಿ ಕೇಳಿಸಿಕೊಳ್ಳುತ್ತಿರುವಾಗಲೇ ಹೇಳು ಎನ್ನುವುದು ಯಾವ ವಿಧಾನ? ನನ್ನನ್ನು ಐದು ನಿಮಿಷ ಅಂಗಳಕ್ಕೆ ಕರೆದು ಕೇಳಿದ್ದರೆ ಹೇಳುತ್ತಿದ್ದೆ.

ತಮ್ಮ ಉತ್ತರ ಬಂತು. ‘ಅರ್ಜಿದಾರರು ದೈನಂದಿನ ಚಟುವಟಿಕೆಗಳಲ್ಲಿ ಸ್ವತಂತ್ರರು. ಆರೋಗ್ಯವಂತ ಮೊಮ್ಮಗ ಜೊತೆಯಲ್ಲಿ ವಾಸ.’ ಅದೇ ವಾರ ಆರೋಗ್ಯವಂತ ಮೊಮ್ಮಗನಿಗೆ ಸೈನ್ಯದ ಕರೆಯೂ ಬಂತು, ಹದಿನೆಂಟು ತಿಂಗಳಿಗೆ. ಸೇನೆಗೆ ಸೇರುವುದಕ್ಕೆ ನನ್ನ ತಕರಾರಿಲ್ಲ, ಎಲ್ಲರೂ ಹೋಗುತ್ತಾರೆ. ಶರತ್ಕಾಲದವರೆಗೆ ಮುಂದೂಡಿ, ಅಷ್ಟರಲ್ಲಿ ಅಜ್ಜಿ ಗಟ್ಟಿಯಾಗುತ್ತಾರೆ ಎಂದು ಭರ್ತಿ ಕಚೇರಿಯಲ್ಲಿ ಕೇಳಿಕೊಂಡೆ. ಅಲ್ಲಿನ ಗುಮಾಸ್ತರು, “ಅಜ್ಜಿಗೆ ಆರೈಕೆ ಬೇಕು ಅನ್ನೋದಕ್ಕೆ ದರ್ಜೆ ಪತ್ರ ಇದೆಯಾ?” ಎಂದರು. ದರ್ಜೆ ಪತ್ರಕ್ಕೆ ತಮ್ಮ ಕಚೇರಿಗೆ ಬಂದೆ. ತಮ್ಮ ಗುಮಾಸ್ತರು, “ಮನೇಲಿ ನೀನಿದೀಯಲ್ಲಪ್ಪ, ಗಟ್ಟಿಮುಟ್ಟಾಗಿ,” ಎಂದರು. ನಾನು ಹೊರಡುತ್ತಿದ್ದೇನಲ್ಲ ಎಂದೆ. “ಹೊರಟ ಮೇಲೆ ಹೊಸ ಅರ್ಜಿ ಹಾಕು.” ಹೊರಟ ಮೇಲೆ ನಾನು ಹೇಗೆ ಹಾಕಲಿ ಎಂದೆ. “ಅಜ್ಜಿ ಹಾಕಲಿ, ಸ್ವತಂತ್ರರಲ್ವಾ?” ಅವರು ತಮಾಷೆ ಮಾಡಲಿಲ್ಲ, ಕಡತದಲ್ಲಿದ್ದುದನ್ನು ಓದಿ ಹೇಳಿದರು. ಹೀಗೆ ಸರ್ಕಾರದ ಒಂದು ಮೇಜಿನ ಪ್ರಕಾರ ನಾನು ಮನೆಯಲ್ಲಿರುವುದರಿಂದ ಅಜ್ಜಿಗೆ ಯಾರೂ ಬೇಡ. ಇನ್ನೊಂದು ಮೇಜಿನ ಪ್ರಕಾರ ಅಜ್ಜಿಗೆ ಯಾರೂ ಬೇಡದಿರುವುದರಿಂದ ನಾನು ಮನೆಯಲ್ಲಿರಬೇಕಿಲ್ಲ. ಎರಡು ಮೇಜುಗಳ ನಡುವೆ ಒಂದೇ ರಸ್ತೆ, ಒಂದೇ ಬಸ್ಸು. ನಾನು ಆ ದಾರಿಯಲ್ಲಿ ನಾಲ್ಕು ಸಲ ಓಡಾಡಿದೆ. ಕಾಗದಗಳು ಒಮ್ಮೆಯೂ ಓಡಾಡಲಿಲ್ಲ.

ಒಂದು ಹೋಲಿಕೆ ಹೇಳದೆ ಇರಲಾರೆ. ನನ್ನ ದೇಹ ಸೈನ್ಯಕ್ಕೆ ತಕ್ಕುದೇ ಎಂದು ತಿಳಿಯಲು ಸರ್ಕಾರ ಅರ್ಧ ದಿನ ತೆಗೆದುಕೊಂಡಿತು. ಕಣ್ಣು, ಕಿವಿ, ಪಾದದ ಕಮಾನು, ಹಲ್ಲು, ರಕ್ತ, ಮೂತ್ರ ನೋಡಿದರು, ಮನಸ್ಸಿನ ಬಗ್ಗೆ ನೂರಾರು ಪ್ರಶ್ನೆ ಕೇಳಿದರು. ಪರವಾಗಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಅಲ್ಲಿ ಯಾರನ್ನೂ ಬಿಡುವುದಿಲ್ಲ. ದುಡಿಸಿಕೊಳ್ಳಬೇಕಾದ ದೇಹವನ್ನು ಅಷ್ಟು ಶ್ರದ್ಧೆಯಿಂದ ಅಳೆಯುವವರು, ದುಡಿದು ಮುಗಿದ ದೇಹಕ್ಕೆ ಇಪ್ಪತ್ತೈದು ನಿಮಿಷ ಕೊಡುತ್ತೀರಿ.

ಕೊನೆಗೆ ಅಜ್ಜಿಗೆ ನಾನೇ ತರಬೇತಿ ಕೊಡತೊಡಗಿದೆ. ನಾನು ಪರಿಶೀಲಕನಂತೆ ಎದುರು ಕೂತು ಕೇಳಬೇಕು, ಅವರು ನಿಜ ಹೇಳಬೇಕು. “ಅಜ್ಜಿ, ತಲೆಗೆ ನೀರು ಹಾಕ್ಕೊಳ್ಳೋಕಾಗುತ್ತಾ?” ಎಂದರೆ, “ಆಗಲ್ಲ,” ಎಂದು ಹೇಳಿದ ಬೆನ್ನಿಗೇ, “ಒಂದ್ ಲೋಟ ಕಾಫಿ ಮಾಡ್ಲಾಪ್ಪ ನಿಮಗೆ?” ಎನ್ನುತ್ತಿದ್ದರು. ಗೋಸಂಗ್ ಅಜ್ಜಿ ಹೊಸ್ತಿಲಲ್ಲಿ ಕೂತು ನಗುತ್ತಿದ್ದರು. “ಬಿಡೋ ಮಗಾ. ಸುಳ್ಳು ಹೇಳೋಕೆ ಒಂದು ದಿನದಲ್ಲಿ ಕಲಿಸಬೋದು. ಈ ವಯಸ್ಸಲ್ಲಿ ನಿಜ ಹೇಳೋಕೆ ಯಾರು ಕಲಿಸ್ತಾರೆ?” ಆದರೂ ಹತ್ತು ದಿನದಲ್ಲಿ ಕಲಿತರು. ಕಾಫಿಯ ಮಾತಿಲ್ಲದೆ, ತಲೆ ತಗ್ಗಿಸದೆ, “ನನಗೆ ಆಗಲ್ಲ” ಎಂದು ಹೇಳಲು ಕಲಿತರು.

ಕಳೆದ ಗುರುವಾರ ಅವರನ್ನು ತಮ್ಮ ಕಚೇರಿಗೆ ಕರೆತಂದೆ. ಅದಕ್ಕಾಗಿ ಮೂರು ದಿನ ಏನನ್ನೂ ಮಾಡದೆ ಕೂಡಿಟ್ಟಿದ್ದರು. ಬಸ್ ನಿಲ್ದಾಣದಿಂದ ತಮ್ಮ ಬಾಗಿಲಿಗೆ ಇನ್ನೂರು ಹೆಜ್ಜೆ. ಎರಡು ಕಡೆ ಕೂತೆವು. ಒಮ್ಮೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ, ಒಮ್ಮೆ ಯಾರದೋ ಹಾಲಿನ ಪೆಟ್ಟಿಗೆಯ ಮೇಲೆ. ಒಳಗೆ ಬಂದು, ಗುಮಾಸ್ತೆಯ ಕಿಟಕಿಯ ಮುಂದೆ ನಿಂತು ಅಜ್ಜಿ ಹೇಳಿದರು: “ಆವತ್ತು ನಾನು ಹೇಳಿದ್ದು ಸುಳ್ಳಮ್ಮ. ನನಗೆ ಆಗಲ್ಲ. ಎದ್ದು ನಿಲ್ಲೋದು ಆಗತ್ತೆ, ನಿಂತ ಮೇಲೆ ಆಗಲ್ಲ. ಸ್ನಾನ ಆಗತ್ತೆ, ಆಮೇಲೆ ಮೈ ಒರೆಸ್ಕೊಳ್ಳೋಕಾಗಲ್ಲ. ಈ ಹುಡುಗ ಹೋದ್ಮೇಲೆ ನಾನು ಬಿದ್ರೆ ನೋಡೋರಿಲ್ಲ. ಬೆಳ್ಳುಳ್ಳಿ ಕೀಳೋ ಕಾಲ ಬಂತು, ಊರಲ್ಲಿ ಹಗಲೊತ್ತು ಯಾರೂ ಇರಲ್ಲ.”

ಎಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಗುಮಾಸ್ತೆ ಗೌರವದಿಂದಲೇ ಕೇಳಿಸಿಕೊಂಡರು, ಕೀಲಿಮಣೆಯಲ್ಲಿ ಏನೋ ಬರೆದರು. ಏನು ಬರೆದಿರೆಂದು ನಾನು ಕೇಳಿದೆ. ಪರದೆಯನ್ನು ನನ್ನತ್ತ ತಿರುಗಿಸಿದರು. ‘ಅರ್ಜಿದಾರರು ಕಚೇರಿಗೆ ಖುದ್ದಾಗಿ ನಡೆದು ಬಂದು, ಸ್ಪಷ್ಟವಾಗಿ ಮಾತನಾಡಿ, ಮನವಿ ಸಲ್ಲಿಸಿದ್ದಾರೆ.’

ಒಂದಕ್ಷರವೂ ಸುಳ್ಳಲ್ಲ. ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಹೊರಗೆ ಬಂದ ಮೇಲೆ, “ನಡೆದು ಬಂದದ್ದೇ ತಪ್ಪಾಯ್ತೇನೋ. ಬರದೇ ಇದ್ದಿದ್ರೆ ಬಂದಿಲ್ಲ ಅಂತ ಬರೀತಿದ್ರು,” ಎಂದರು. ಮನೆಗೆ ಹೋಗಿ ಎರಡು ದಿನ ಮಲಗಿದರು. ಇನ್ನು ಎಂದೂ ಅಲ್ಲಿಗೆ ಬರುವುದಿಲ್ಲ ಎಂದಿದ್ದಾರೆ.

ಮಾನ್ಯರೇ, ತಮ್ಮ ನಮೂನೆಯಲ್ಲಿ ಪ್ರತಿ ಪ್ರಶ್ನೆಗೂ ಮೂರು ಚೌಕಗಳಿವೆ: ಮಾಡಬಲ್ಲರು, ಸಹಾಯವಿದ್ದರೆ ಮಾಡಬಲ್ಲರು, ಮಾಡಲಾರರು. ಮಾಡಬಲ್ಲರು, ಆದರೆ ಮಾಡಿದ ಮೇಲೆ ದಿನ ಮುಗಿಯಿತು ಎಂಬುದಕ್ಕೆ ಚೌಕವಿಲ್ಲ. ನಾಲ್ಕನೆಯ ಚೌಕ ಬರೆಯಲು ಸಮಿತಿ, ಸಭೆ, ವರ್ಷಗಳು ಬೇಕಾಗಬಹುದು; ಬರೆಯಿರಿ ಎಂದು ಕೇಳುತ್ತೇನೆ, ಕಾಯುತ್ತಾ ಕೂರುವುದಿಲ್ಲ. ಈಗಲೇ ಬೇಕಾದದ್ದು ಇಷ್ಟು. ಈ ವಾರವೇ ಒಬ್ಬ ಪರಿಶೀಲಕಿಯನ್ನು ಮತ್ತೆ ಕಳಿಸಿ. ಫೋನ್ ಮಾಡದೆ ಬರಲಿ. ಬೆಳಿಗ್ಗೆ ಹತ್ತಕ್ಕಲ್ಲ, ಮಧ್ಯಾಹ್ನ ಮೂರಕ್ಕೆ ಬರಲಿ. ಅಜ್ಜಿಯನ್ನು ಏಳು ಎನ್ನುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂತು ನೋಡಲಿ. ಹಣ್ಣು ಕೊಟ್ಟರೆ ತಿನ್ನಲಿ, ಆದರೆ ಅದನ್ನು ಬರೆದುಕೊಳ್ಳದಿರಲಿ. ಗೋಸಂಗ್ ಅಜ್ಜಿಯನ್ನು ಬೇರೆಯಾಗಿ ಕೇಳಲಿ, ಅವರು ಯಾರನ್ನೂ ಕಾಪಾಡುವವರಲ್ಲ. ಆಮೇಲೆ ಚಳಿಗಾಲ ಬರುವವರೆಗೆ ದಿನಕ್ಕೆ ಮೂರು ಗಂಟೆ ಒಬ್ಬ ಹೆಂಗಸು ನಮ್ಮ ಮನೆಗೆ ಬರುವಂತೆ ಮಾಡಿ. ಇದು ದಾನವಲ್ಲ, ಅರ್ಜಿ. ಅಷ್ಟರವರೆಗೆ ಅಜ್ಜಿ ಬಿದ್ದರೆ, ತಮ್ಮ ಕಡತದ ಪ್ರಕಾರ ಅವರು ಸ್ವತಂತ್ರವಾಗಿಯೇ ಬಿದ್ದಿರುತ್ತಾರೆ. ಆ ವಾಕ್ಯವನ್ನು ಬರೆಯುವ ಸಂದರ್ಭ ತಮಗೆ ಬಾರದಿರಲಿ.

ಇಂತಿ,
ಕಲಿಯಬೇಕಾದ ವಯಸ್ಸಿನಲ್ಲಿ ಕಲಿಯದೆ, ಸುಮ್ಮನಿರಬಾರದ ಹೊತ್ತಿನಲ್ಲಿ ಸುಮ್ಮನಿದ್ದ
ಪ್ಯೊ ಬೊಮ್‌ಗ್ಯು

ಉತ್ತರ ಬರೆಯುವುದಾದರೆ ಅಜ್ಜಿಯ ಹೆಸರಿಗೆ, ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.